ಜೋರು ಮಳೆ ಬಂದಾಗ ಸುಣ್ಣಕಲ್ಲಿನ ಬುಗ್ಗೆ ನೀರಲ್ಲಿ ಏನಾಗತ್ತೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮಳೆ ಮತ್ತೆ ಕುಡಿಯೋ ನೀರಿನ ಬಗ್ಗೆನೇ ಜಾಸ್ತಿ ಇದ್ವು. ಅದ್ರಲ್ಲೂ ಆಸ್ಟಿನ್‌ನಿಂದ ಬಂದ ಪ್ರಶ್ನೆ ಓದಿದ ಮೇಲೆ ಉಳಿದವನ್ನೂ ಅದರ ಜೊತೆಗೇ ತಗೊಂಡ್ರೆ ಒಳ್ಳೇದು ಅನ್ನಿಸ್ತು, ಹಾಗಾಗಿ ಈ ಪುಟ ಪೂರ್ತಿ ಸುಣ್ಣಕಲ್ಲಿನ ಬುಗ್ಗೆಗಳಿಗೆ.

ಪ್ರಶ್ನೆ: ನಾವು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಇದೀವಿ. ಬೇಸಿಗೆ ರಜೇಲಿ ಮಕ್ಕಳನ್ನ ಬಾರ್ಟನ್ ಸ್ಪ್ರಿಂಗ್ಸ್ ಪೂಲ್‌ಗೆ (ಬುಗ್ಗೆ ನೀರಿನ ಈಜುಕೊಳ) ಕರ್ಕೊಂಡು ಹೋಗ್ತೀವಿ, ಕೆಳಗಡೆ ಕಲ್ಲು ಕಾಣೋಷ್ಟು ತಿಳಿ ನೀರು. ಆದ್ರೆ ಜೋರು ಮಳೆ ಬಂದು ಕ್ರೀಕ್ ತುಂಬಿದ್ರೆ ಪೂಲ್ ಮುಚ್ಚಿಬಿಡ್ತಾರೆ, ಮತ್ತೆ ತೆಗೆದಾಗ್ಲೂ ಸ್ವಲ್ಪ ದಿನ ನೀರು ಮಂಕಾಗಿರತ್ತೆ. ನೆಲದೊಳಗಿಂದ ಬರೋ ನೀರು ಮಣ್ಣಲ್ಲಿ, ಕಲ್ಲಲ್ಲಿ ಸೋಸಿ ಬರತ್ತೆ ಅಂತ ಸ್ಕೂಲಲ್ಲಿ ಓದಿದ್ದು. ಹಾಗಿದ್ರೆ ಮೇಲೆ ಬಿದ್ದ ಮಳೆ ಇಷ್ಟು ಬೇಗ ಬುಗ್ಗೆ ನೀರನ್ನ ಹೇಗೆ ಕೆಡಿಸತ್ತೆ?

ಉತ್ತರ: ನೀವು ಓದಿದ್ದು ಸರಿನೇ, ಆದ್ರೆ ಅದು ಮರಳು, ಮಣ್ಣು, ಕೊಳೆತ ಗ್ರಾನೈಟ್ ಇರೋ ಜಾಗಕ್ಕೆ ಸರಿ. ಆಸ್ಟಿನ್ ಕೆಳಗೆ ಇರೋದು ಎಡ್ವರ್ಡ್ಸ್ ಅಂತ ಕರೆಯೋ ಸುಣ್ಣಕಲ್ಲಿನ ಪದರ. ಸುಣ್ಣಕಲ್ಲಿಗೆ ಒಂದು ವಿಶೇಷ ಗುಣ ಇದೆ: ಮಳೆ ನೀರು ಮಣ್ಣಲ್ಲಿ ಇಳಿಯುವಾಗ ಬೇರುಗಳು, ಸೂಕ್ಷ್ಮಜೀವಿಗಳು ಬಿಟ್ಟಿರೋ ಕಾರ್ಬನ್ ಡೈಆಕ್ಸೈಡ್ ಸೇರ್ಕೊಂಡು ಸ್ವಲ್ಪ ಹುಳಿಯಾಗತ್ತೆ, ಆ ಹುಳಿ ನೀರು ಬಿರುಕುಗಳಲ್ಲಿ ಹರಿದು ಹರಿದು ಕಲ್ಲನ್ನೇ ಕರಗಿಸ್ತಾ ಹೋಗತ್ತೆ, ಸಾವಿರಾರು ವರ್ಷ ಹೀಗೆ ನಡೆದ್ರೆ ಕೂದಲೆಳೆಯಷ್ಟಿದ್ದ ಬಿರುಕು ಮನುಷ್ಯ ನುಗ್ಗೋಷ್ಟು ಗುಹೆ ಆಗ್ಬಹುದು. ಇಂಥ ನೆಲಕ್ಕೆ ಕಾರ್ಸ್ಟ್ ಅಂತಾರೆ, ಇಟಲಿ ಮತ್ತೆ ಸ್ಲೊವೇನಿಯಾ ಗಡಿಯ ಕ್ರಾಸ್ ಅನ್ನೋ ಸೀಮೆಯಿಂದ ಬಂದ ಹೆಸರು. ಕಾರ್ಸ್ಟ್‌ನಲ್ಲಿ ನೀರು ಸೋಸಲ್ಲ, ಹರಿಯತ್ತೆ.

ಬಾರ್ಟನ್ ಸ್ಪ್ರಿಂಗ್ಸ್‌ಗೆ ನೀರು ಬರೋದು ಬಹುಪಾಲು ನಗರದ ದಕ್ಷಿಣ, ನೈಋತ್ಯಕ್ಕಿರೋ ಹಳ್ಳಗಳಿಂದ. ಬಾರ್ಟನ್, ವಿಲಿಯಮ್ಸನ್, ಸ್ಲಾಟರ್, ಬೇರ್, ಲಿಟಲ್ ಬೇರ್, ಆನಿಯನ್ ಅನ್ನೋ ಆರು ಹಳ್ಳಗಳು ಸುಣ್ಣಕಲ್ಲಿನ ಮೇಲೆ ಹರಿಯುವಾಗ ತಳದಲ್ಲಿರೋ ಬಿರುಕು, ಕುಳಿಗಳಲ್ಲಿ ನೀರು ಒಳಗೆ ಇಳಿದುಬಿಡತ್ತೆ. ಅಲ್ಲಿನ ಅಂತರ್ಜಲ ಇಲಾಖೆಯವರೂ ನಗರಸಭೆಯವರೂ ಆ ಕುಳಿಗಳಲ್ಲಿ ಬಣ್ಣ ಹಾಕಿ ಪರೀಕ್ಷೆ ಮಾಡಿದಾರೆ, ಒಳ್ಳೆ ಹರಿವಿರುವಾಗ ಬಣ್ಣ ದಿನಕ್ಕೆ ಹಲವು ಮೈಲಿ ವೇಗದಲ್ಲಿ ನೆಲದಡಿ ಸಾಗಿ ಬುಗ್ಗೇಲಿ ಕಾಣಿಸ್ಕೊಂಡಿದೆ. ಸಾಧಾರಣ ಮರಳಿನ ಪದರದಲ್ಲಿ ಅಂತರ್ಜಲ ಅಷ್ಟು ದೂರ ಹೋಗೋಕೆ ವರ್ಷಗಟ್ಟಲೆ, ಕೆಲವು ಕಡೆ ಶತಮಾನಗಟ್ಟಲೆ ಬೇಕು. ಬುಗ್ಗೆಯ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 1,500 ಲೀಟರ್, ಅಷ್ಟು ನೀರನ್ನ ಹೊತ್ತು ತರೋ ದಾರಿ ಸಣ್ಣ ರಂಧ್ರ ಆಗಿರೋಕೆ ಸಾಧ್ಯನೇ ಇಲ್ಲ.

ಪೂಲ್ ಮುಚ್ಚೋದಕ್ಕೆ ಇನ್ನೊಂದು ಕಾರಣನೂ ಇದೆ. ಆ ಪೂಲ್ ಕಟ್ಟಿರೋದೇ ಬಾರ್ಟನ್ ಕ್ರೀಕ್‌ನ ಪಾತ್ರದಲ್ಲಿ. ಮಾಮೂಲಿ ದಿನ ಹಳ್ಳದ ನೀರು ಪಕ್ಕದ ಕಾಲುವೇಲಿ ಹೋಗತ್ತೆ, ಪ್ರವಾಹ ಬಂದಾಗ ಅಣೆ ದಾಟಿ ಪೂಲ್ ಒಳಗೇ ನುಗ್ಗತ್ತೆ. ಅಂದ್ರೆ ಮೇಲಿನಿಂದ ಒಂದು ಸಲ ಕೊಳೆ ಬರತ್ತೆ, ನೆಲದಡಿಯಿಂದ ಇನ್ನೊಂದು ಸಲ ಬರತ್ತೆ. ಮೊದಲನೇದನ್ನ ತೊಳೆದು ಕ್ಲೀನ್ ಮಾಡ್ಬಹುದು, ಎರಡನೇದು ತಾನಾಗೇ ಹರಿದು ಮುಗಿಯೋವರೆಗೂ ಕಾಯಬೇಕು, ನಿಮ್ಮ ಮಕ್ಕಳು ನೋಡೋ ಆ ಮಂಕು ನೀರು ಅದೇ.

ಬರೀ ಮಣ್ಣಾಗಿದ್ರೆ ಚಿಂತೆ ಇರ್ಲಿಲ್ಲ. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಬಾರ್ಬರಾ ಮಾಲರ್ ಮತ್ತೆ ಅವರ ಜೊತೆಗಾರರು ಈ ಬುಗ್ಗೆ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದಾರೆ. ಮಳೆ ನಂತರ ಬರೋ ನೀರಲ್ಲಿ ಕಳೆನಾಶಕ ಅಟ್ರಝೀನ್‌ನಂಥವು ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯತ್ತೆ ಅಂತ ಅವರು ತೋರ್ಸಿದ್ರು. ಪಾರ್ಕಿಂಗ್ ಜಾಗಕ್ಕೆ ಬಳಿಯೋ ಕೋಲ್ ಟಾರ್ (ಕಲ್ಲಿದ್ದಲ ಡಾಂಬರು) ಲೇಪ ಸವೆದು ಪುಡಿಯಾಗಿ ಮಳೇಲಿ ಹಳ್ಳ ಸೇರ್ತಿದೆ ಅನ್ನೋದೂ ಈ ಊರಿನ ಕೆಲಸದಿಂದಲೇ ಹೊರಗೆ ಬಂತು, 2006ರಿಂದ ಆಸ್ಟಿನ್‌ನಲ್ಲಿ ಆ ಲೇಪಕ್ಕೆ ನಿಷೇಧ ಇದೆ. ಒಂದು ನಗರ ತನ್ನ ಬುಗ್ಗೆ ಸಲುವಾಗಿ ಇಂಥ ಕಾನೂನು ಮಾಡಿದ್ದು ನನಗೆ ತುಂಬಾ ದೊಡ್ಡ ಕೆಲಸ ಅನ್ಸತ್ತೆ. ಹಾಗಂತ ಮಳೆ ಬರೀ ಕೆಟ್ಟದ್ದು ಅಂತಲ್ಲ. ಆ ಸೀಮೆ ಬಿಟ್ರೆ ಬೇರೆಲ್ಲೂ ಇಲ್ಲದ ಬಾರ್ಟನ್ ಸ್ಪ್ರಿಂಗ್ಸ್ ಸಲಮಾಂಡರ್ ಅನ್ನೋ ಸಣ್ಣ ಜೀವಿ, 1997ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿದ್ದು, ಬರಗಾಲದಲ್ಲಿ ನೀರಿನ ಆಕ್ಸಿಜನ್ ಇಳಿದಾಗ ಕಷ್ಟ ಪಡತ್ತೆ, ಮಳೆ ಬಿದ್ದು ಹೊಸ ನೀರು ಬಂದ್ರೇನೇ ಅದಕ್ಕೆ ಉಸಿರು.

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಎಂಎಸ್ಸಿ ಭೂವಿಜ್ಞಾನ ಓದ್ತಿದೀನಿ. ಕಾರ್ಸ್ಟ್ ಬುಗ್ಗೆಯೊಂದರ ಗ್ರಾಫ್ ಕ್ಲಾಸಲ್ಲಿ ತೋರ್ಸಿದ್ರು. ಮಳೆ ಬಂದ ತಕ್ಷಣ ಹರಿವು ಏರತ್ತೆ, ಆದ್ರೆ ಕಂಡಕ್ಟಿವಿಟಿ (ನೀರಲ್ಲಿ ಲವಣ ಎಷ್ಟು ಕರಗಿದೆ ಅಂತ ತೋರ್ಸೋ ವಿದ್ಯುತ್ ವಾಹಕತೆ) ಮೊದಲು ಸ್ವಲ್ಪ ಏರಿ ಆಮೇಲೆ ಧಡಕ್ಕನೆ ಇಳಿಯತ್ತೆ. ಮಳೆ ನೀರು ಸೇರಿದ್ರೆ ಮೊದಲಿಂದಲೇ ಇಳೀಬೇಕಲ್ವಾ?

ಉತ್ತರ: ಬಹಳ ಒಳ್ಳೆ ಪ್ರಶ್ನೆ, ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಬೇಸಿಗೆ ಮಧ್ಯಾಹ್ನ ನಲ್ಲಿ ತಿರುಗಿಸಿದ್ರೆ ಮೊದಲು ಬರೋದು ತಾರಸಿ ಪೈಪಲ್ಲಿ ಕಾದು ನಿಂತಿದ್ದ ಬಿಸಿನೀರು, ಟ್ಯಾಂಕಿನ ನೀರು ಆಮೇಲೆ ಬರತ್ತೆ. ಕಾರ್ಸ್ಟ್‌ನಲ್ಲೂ ಹಾಗೇ. ಮೇಲೆ ಕುಳಿಗಳಲ್ಲಿ ನೀರು ನುಗ್ಗಿದ ತಕ್ಷಣ ತುಂಬಿರೋ ಸುರಂಗಗಳಲ್ಲಿ ಒತ್ತಡ ಏರತ್ತೆ, ಆ ಒತ್ತಡ ನೀರಿಗಿಂತ ಎಷ್ಟೋ ವೇಗವಾಗಿ ಬುಗ್ಗೆ ತಲುಪತ್ತೆ. ಆಗ ಹೊರಗೆ ಬರೋದು ವಾರ, ತಿಂಗಳುಗಳಿಂದ ಕಲ್ಲಿಗೆ ತಾಗ್ಕೊಂಡು ಕೂತಿದ್ದ ಹಳೇ ನೀರು. ಸಣ್ಣ ಬಿರುಕುಗಳಲ್ಲಿ, ಮಣ್ಣು ಮತ್ತೆ ಕಲ್ಲಿನ ನಡುವಿನ ಪದರದಲ್ಲಿ ನಿಂತಿದ್ದ ಇನ್ನೂ ಗಡುಸಾದ, ಅಂದ್ರೆ ಸುಣ್ಣದ ಅಂಶ ಜಾಸ್ತಿ ಕರಗಿರೋ ನೀರೂ ಅದರ ಜೊತೆ ತಳ್ಳಿಸ್ಕೊಂಡು ಬರತ್ತೆ, ಹಾಗಾಗಿ ಕಂಡಕ್ಟಿವಿಟಿ ಮೊದಲು ಏರತ್ತೆ. ಕೆಲವು ಗಂಟೆ ಅಥವಾ ಒಂದೆರಡು ದಿನ ಕಳೆದ ಮೇಲೆ ನಿಜವಾದ ಮಳೆ ನೀರು ಬಂದು ಮುಟ್ಟತ್ತೆ, ಅದು ಕಲ್ಲು ಕರಗಿಸೋಕೆ ಸಮಯ ಸಿಗದೆ ಬಂದಿರೋ ನೀರು, ಅದಕ್ಕೇ ಆ ಧಡಕ್ ಇಳಿತ. ಬಾರ್ಟನ್ ಸ್ಪ್ರಿಂಗ್ಸ್‌ನಲ್ಲಿ ಮಾಮೂಲಿ ದಿನ 600–700 ಮೈಕ್ರೋಸೀಮೆನ್ಸ್ (ಕಂಡಕ್ಟಿವಿಟಿ ಅಳೆಯೋ ಮಾನ) ಇರತ್ತೆ, ಮಳೆ ನೀರಿಗೆ ಕೆಲವೇ ಹತ್ತುಗಳು, ಇವೆರಡೂ ಬೆರೆತಷ್ಟೂ ಇಳೀತಾ ಹೋಗತ್ತೆ. ಹರಿವು ಏರಿದ ಹೊತ್ತಿಗೂ ಕಂಡಕ್ಟಿವಿಟಿ ಇಳಿಯೋಕೆ ಶುರುವಾದ ಹೊತ್ತಿಗೂ ನಡುವಿನ ಅಂತರ ನೋಡಿದ್ರೆ, ಆ ಹೊತ್ತಲ್ಲಿ ಹೊರಬಿದ್ದ ನೀರೆಷ್ಟು ಅಂತ ಲೆಕ್ಕ ಹಾಕಿದ್ರೆ, ತುಂಬಿದ ಸುರಂಗ ಎಷ್ಟು ದೊಡ್ಡದು ಅಂತ ಒಳಗೆ ಇಳೀದೇನೇ ಅಂದಾಜು ಸಿಗತ್ತೆ. ಈ ಲೆಕ್ಕ ನೀವು ಒಂದ್ಸಲ ಕೂತು ಮಾಡಿ ನೋಡಿ, ನಿಜವಾಗ್ಲೂ ಖುಷಿ ಕೊಡತ್ತೆ.

ಈಗ ರಸಾಯನಶಾಸ್ತ್ರ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 0.04 ಶೇಕಡಾದಷ್ಟು, ಆ ಗಾಳಿ ಜೊತೆ ಸಮತೋಲನದಲ್ಲಿರೋ ನೀರು ಲೀಟರಿಗೆ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂ ಕರಗಿಸಿ ನಿಂತುಬಿಡತ್ತೆ. ಮಣ್ಣೊಳಗಿನ ಗಾಳಿಯಲ್ಲಿ ಅದು 1 ಶೇಕಡಾ ಇದ್ರೆ ಕ್ಯಾಲ್ಸಿಯಂ 60ರ ಹತ್ರ ಹೋಗತ್ತೆ. ಗಮನಿಸಿ, ಅನಿಲ 25 ಪಟ್ಟು ಜಾಸ್ತಿ ಆದ್ರೂ ಕ್ಯಾಲ್ಸಿಯಂ ಜಾಸ್ತಿ ಆಗೋದು ಮೂರು ಪಟ್ಟು ಅಷ್ಟೆ, ಅದು ಘನಮೂಲದ ಲೆಕ್ಕ. ಹಾಗಾಗಿ ಮಳೇಲಿ ಎರಡು ತರದ ಹೊಸ ನೀರು ಬರತ್ತೆ: ಹಳ್ಳದಿಂದ ನೇರ ಕುಳಿಗೆ ಇಳಿದ ನೀರಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಕಮ್ಮಿ, ಮಣ್ಣಿನ ಮೂಲಕ ಇಳಿದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರತ್ತೆ, ಅದು ಪಿಎಚ್ (ನೀರು ಹುಳಿಯಾದಷ್ಟೂ ಇಳಿಯೋ ಅಂಕಿ) ಇಳಿಸತ್ತೆ. ಎರಡೂ ಕ್ಯಾಲ್ಸೈಟ್‌ಗೆ (ಸುಣ್ಣಕಲ್ಲಿನ ಮುಖ್ಯ ಖನಿಜ) ಹಸಿದ ನೀರೇ. ಗುಹೆಗಳು ದೊಡ್ಡದಾಗೋ ಕೆಲಸದಲ್ಲಿ ಬಹುಪಾಲು ಇಂಥ ಪ್ರವಾಹದ ದಿನಗಳಲ್ಲೇ ನಡೆಯೋದು.

ಮೆಗ್ನೀಸಿಯಂ ಮೇಲೂ ಕಣ್ಣಿಡಿ. ಡೋಲೋಮೈಟ್ (ಮೆಗ್ನೀಸಿಯಂ ಇರೋ, ಸುಣ್ಣಕಲ್ಲಿನಂಥ ಕಲ್ಲು) ನಿಧಾನಕ್ಕೆ ಕರಗತ್ತೆ, ಹಾಗಾಗಿ ಕ್ಯಾಲ್ಸಿಯಂಗೆ ಹೋಲಿಸಿದ್ರೆ ಮೆಗ್ನೀಸಿಯಂ ಜಾಸ್ತಿ ಇದ್ರೆ ಆ ನೀರು ತುಂಬಾ ದಿನ ಒಳಗಿತ್ತು ಅಂತ ಅರ್ಥ, ಪ್ರವಾಹದಲ್ಲಿ ಈ ಅನುಪಾತ ಬೀಳತ್ತೆ.

ನೈಟ್ರೇಟ್ (ಗೊಬ್ಬರದಿಂದ ನೀರಿಗೆ ಸೇರೋ ಸಾರಜನಕದ ಲವಣ) ವಿಷಯದಲ್ಲಿ ಮಾತ್ರ ಒಂದೇ ನಿಯಮ ಇಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಬಿಗ್ ಸ್ಪ್ರಿಂಗ್ ಅಂತ ಒಂದು ಬುಗ್ಗೆ ಇದೆ, ಸುತ್ತ ಎಲ್ಲಾ ಮೆಕ್ಕೆಜೋಳದ ಹೊಲ, ದನದ ಕೊಟ್ಟಿಗೆ, 1980ರ ದಶಕದಿಂದ ಅಲ್ಲಿನ ಭೂವಿಜ್ಞಾನಿಗಳು ಅಳೀತಾ ಬಂದಿದಾರೆ. ಮಳೆ ನೀರು ಕುಳಿಗಳಲ್ಲಿ ನುಗ್ಗಿದಾಗ ನೈಟ್ರೇಟ್ ಇಳಿಯತ್ತೆ, ಯಾಕಂದ್ರೆ ಹೊಲದ ಮೇಲೆ ಓಡಿ ಬಂದ ನೀರಲ್ಲಿ ಅದು ಕಮ್ಮಿ. ಆದ್ರೆ ಅದೇ ಹೊತ್ತಲ್ಲಿ ಕಳೆನಾಶಕ ಏರತ್ತೆ, ಅದು ಮೇಲ್ಮಣ್ಣಿನ ಜೊತೆ ಬರೋದರಿಂದ. ಹರಿವು ಇಳಿಯೋಕೆ ಶುರುವಾದ ಮೇಲೆ ಮಣ್ಣಿನ ಆಳದಿಂದ ಸೋಸಿ ಬಂದ ನೀರು ಮುಟ್ಟತ್ತೆ, ಆಗ ನೈಟ್ರೇಟ್ ಏರತ್ತೆ. ಒಂದೇ ಮಳೆ, ಒಂದೇ ಬುಗ್ಗೆ, ಸೋಮವಾರ ಸ್ಯಾಂಪಲ್ ತಗೊಂಡವರು ನೈಟ್ರೇಟ್ ಇಲ್ಲ ಅಂತಾರೆ, ಗುರುವಾರ ತಗೊಂಡವರು ಕಳೆನಾಶಕ ಇಲ್ಲ ಅಂತಾರೆ, ಇಬ್ಬರ ರಿಪೋರ್ಟೂ ಸರಿ, ಎರಡರಲ್ಲೂ ಬುಗ್ಗೆಯ ನಿಜ ಸ್ಥಿತಿ ಇಲ್ಲ. ತಿಂಗಳಿಗೊಂದು ಸ್ಯಾಂಪಲ್ ತೆಗೆದು ಕಾರ್ಸ್ಟ್ ಬುಗ್ಗೆ ಶುದ್ಧವಾಗಿದೆ ಅಂತ ಬರೆದುಕೊಡೋದನ್ನ ನಾನು ಒಪ್ಪಲ್ಲ.

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮದು ಸೇಡಂ ಹತ್ರ ಹಳ್ಳಿ, ಸುತ್ತ ಎಲ್ಲಾ ಪರಸಿ ಕಲ್ಲಿನ ಗಣಿ. ಹೊಲದಾಗ ತೆರೆದ ಬಾವಿ ಅದ. ದೊಡ್ಡ ಮಳಿ ಆದ್ರ ಬಾವಿ ನೀರು ಮಣ್ಣು ಮಣ್ಣಾಗಿ ಬರ್ತದ, ಎರಡು ದಿನಕ್ಕ ತಿಳಿ ಆಗ್ತದ. ತಿಳಿ ಆದ ಮ್ಯಾಲ ಕುಡಿಲಿಕ್ಕೆ ನಡೀತದೇನ್ರಿ?

ಉತ್ತರ: ಕುದಿಸದೇ ಕುಡೀಬ್ಯಾಡ್ರಿ. ಇದನ್ನ ಮೊದಲೇ ಹೇಳಿ ಆಮೇಲೆ ಕಾರಣ ಹೇಳ್ತೀನಿ.

ನಿಮ್ಮ ಕಡೆಯ ಪರಸಿ ಅಂದ್ರೆ ಶಹಾಬಾದ್ ಕಲ್ಲು, ಭೀಮಾ ತೀರದ ಸುಣ್ಣಕಲ್ಲು. ಅದು ಹಾಸು ಹಾಸಾಗಿ ಏಳೋದೇ ಪದರಗಳ ನಡುವೆ ಸಂದು ಇರೋದರಿಂದ, ಆ ಸಂದು, ಸೀಳುಗಳಲ್ಲೇ ನೀರು ಓಡೋದು. ಮಳೆ ಬಂದ ಹೊತ್ತಿಗೇ ಬಾವಿ ಕೆಂಪಾಗ್ತದೆ ಅಂದ್ರೆ ಮೇಲಿನ ನೀರು ಸೋಸದೇ ಬಾವಿಗೆ ಬರೋ ದಾರಿ ಇದೆ ಅಂತಲೇ ಅರ್ಥ, ಅದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ತಿಳಿ ನೀರಿನ ಮಾತು. ಸ್ವಿಟ್ಜರ್ಲೆಂಡಿನ ಇವರ್ಡಾನ್ ಅನ್ನೋ ಊರಿನ ಹತ್ರ ಕಾರ್ಸ್ಟ್ ಬುಗ್ಗೆಗಳಲ್ಲಿ ಸಂಶೋಧಕರು ಮಳೆ ನಂತರ ಸತತವಾಗಿ ಅಳೆದು ನೋಡಿದ್ರು, ಕೆಸರು ಎರಡು ಸಲ ಏರಿತ್ತು. ಮೊದಲನೇದು ಸುರಂಗದ ತಳದಲ್ಲಿ ಕೂತಿದ್ದ ಹಳೇ ಹೂಳು ಒತ್ತಡಕ್ಕೆ ಎದ್ದು ಬಂದಿದ್ದು, ಅದರಲ್ಲಿ ಬ್ಯಾಕ್ಟೀರಿಯಾ ಅಷ್ಟಿರಲಿಲ್ಲ. ಎರಡನೇ ಕೆಸರು ಹೊಲದ ಮೇಲಿಂದ ಕುಳಿಗೆ ಇಳಿದ ನೀರಿಂದ ಬಂದಿದ್ದು, ಗೊಬ್ಬರ, ಸಗಣಿಯ ಬ್ಯಾಕ್ಟೀರಿಯಾ ಅದರ ಜೊತೆಗೇ ಬಂದ್ವು. ಆ ಎರಡನೇ ಕೆಸರಿನ ಕಣಗಳು ತೀರಾ ಸಣ್ಣವು, ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸು. ಅಂದ್ರೆ ಜೋರಾಗಿ ಕೆಂಪಾಗಿ ಕಂಡ ಹೊತ್ತಿಗಿಂತ ಸ್ವಲ್ಪ ತಿಳಿ ಆಯ್ತು ಅಂತ ನಾವು ಅಂದ್ಕೊಂಡ ಹೊತ್ತೇ ಹೆಚ್ಚು ಅಪಾಯದ್ದು ಆಗಿರಬಹುದು.

ಇದು ಎಲ್ಲಿವರೆಗೆ ಹೋಗ್ತದೆ ಅನ್ನೋದಕ್ಕೆ ಕೆನಡಾದ ವಾಕರ್ಟನ್ ಊರು ಇದೆ. ಐದು ಸಾವಿರದ ಆಸುಪಾಸು ಜನ ಇದ್ದ ಊರು. 2000ನೇ ಇಸವಿ ಮೇ ತಿಂಗಳಲ್ಲಿ ಐದು ದಿನದಲ್ಲಿ 134 ಮಿಲಿಮೀಟರ್ ಮಳೆ ಬಂತು, ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ಇ. ಕೋಲಿ ಒ157 ಮತ್ತೆ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ರೋಗದ ಬ್ಯಾಕ್ಟೀರಿಯಾಗಳು ಬಿರುಕು ಕಲ್ಲಿನ ಮೂಲಕ ಊರಿನ ಐದನೇ ನಂಬರ್ ಬಾವಿಗೆ ಇಳಿದ್ವು. ಆ ಬಾವಿ ಆಳ ಇರಲಿಲ್ಲ, ಕ್ಲೋರಿನ್ ಸಾಕಷ್ಟು ಹಾಕ್ತಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಸುಳ್ಳು ಅಂಕಿ ಬರೀತಿದ್ರು. 7 ಜನ ಸತ್ತರು, 2,300ರಷ್ಟು ಜನ ಕಾಯಿಲೆ ಬಿದ್ದರು. ವಿಚಾರಣೆ ಮಾಡಿದ ನ್ಯಾಯಮೂರ್ತಿ ಡೆನಿಸ್ ಒಕಾನರ್ ಆ ರೈತನದ್ದು ತಪ್ಪಿಲ್ಲ, ಗೊಬ್ಬರ ಹಾಕೋ ಕ್ರಮದಲ್ಲೇ ಹಾಕಿದಾನೆ ಅಂತ ಸ್ಪಷ್ಟವಾಗಿ ಬರೆದ್ರು. ನಂಗೆ ಆ ಮಾತು ಮನಸ್ಸಲ್ಲಿ ಉಳಿದಿದೆ, ಯಾಕಂದ್ರೆ ನಮ್ಮ ಹಳ್ಳಿಗಳಲ್ಲೂ ಗೊಬ್ಬರ ಹಾಕೋರು ತಪ್ಪು ಮಾಡ್ತಿಲ್ಲ, ಬಾವಿ ಕಟ್ಟೆ ಇಲ್ಲದೇ ಬಿಟ್ಟಿರೋದು, ಪರೀಕ್ಷೆ ಮಾಡದೇ ಇರೋದು ತಪ್ಪು.

ನೀವು ಮಾಡಬೇಕಾದ್ದು ಹೇಳ್ತೀನಿ. ಬಾವಿ ಸುತ್ತ ಕಟ್ಟೆ ಎತ್ತರಿಸಿ, ಹೊಲದ ನೀರು ಬಾವಿ ಕಡೆ ಬರದಂಗೆ ಬದು ಹಾಕ್ರಿ, ತಿಪ್ಪೆ ದೂರ ಇಡ್ರಿ. ಕೆಸರು ನೀರಿಗೆ ಕ್ಲೋರಿನ್ ಹಾಕಿದ್ರೆ ಅರ್ಧ ಆ ಕೆಸರೇ ತಿಂದುಬಿಡ್ತದೆ, ಅದಕ್ಕೆ ಮೊದಲು ಪಟಕ ತಿರುವಿ ತಿಳಿ ಮಾಡಿ, ಬಟ್ಟೇಲಿ ಸೋಸಿ, ಆಮೇಲೆ ಮಳಮಳ ಕುದಿ ಬರೋ ತನಕ ಕುದಿಸ್ರಿ. ಕುದಿಸಿದ್ರೆ ಕ್ರಿಮಿ ಸಾಯ್ತಾವೆ, ನೈಟ್ರೇಟ್ ಹೋಗೋದಿಲ್ಲ. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮನೇಲಿ ಹಸುಗೂಸು ಇದ್ರೆ, ಬಾಟಲಿ ಹಾಲು ಕಲಿಸ್ತಿದ್ರೆ, ಮಳೆಗಾಲದಲ್ಲೊಮ್ಮೆ ಮತ್ತೆ ಮಳೆ ನಿಂತು ಎರಡು ವಾರ ಆದ ಮೇಲೊಮ್ಮೆ ನೀರು ಲ್ಯಾಬಿಗೆ ಕೊಟ್ಟು ನೋಡಿಸ್ರಿ.

ಪ್ರಶ್ನೆ: ನಮ್ಮದು ಶಿರಸಿ ಕಡೆ. ತೋಟದ ಮೇಲಿನ ಅಬ್ಬಿ ನೀರನ್ನೇ ಪೈಪ್ ಹಾಕಿ ಮನೆಗೆ ತಂದಿದೀವಿ. ನಮ್ಮ ನೀರೂ ಹೀಗೇನಾ?

ಉತ್ತರ: ಬಹುಪಾಲು ಅಲ್ಲ. ನಿಮ್ಮ ಕಡೆ ಲ್ಯಾಟರೈಟ್ (ಕೆಂಪು ಜಂಬಿಟ್ಟಿಗೆ ಕಲ್ಲು), ಅದರ ಕೆಳಗೆ ಹಳೇ ಗಟ್ಟಿ ಶಿಲೆ, ನೀರಲ್ಲಿ ಲವಣ ಕಮ್ಮಿ, ಪಿಎಚ್ ಎಷ್ಟೋ ಕಡೆ 7ಕ್ಕಿಂತ ಕೆಳಗೇ ಇರತ್ತೆ. ಸುಣ್ಣಕಲ್ಲಿನ ನೀರಿನ ತರ ಕಂಡಕ್ಟಿವಿಟಿ ನಾಟಕೀಯವಾಗಿ ಏರಿಳಿಯಲ್ಲ, ಇಳಿಯೋಕೆ ಅಲ್ಲಿ ಇರೋದೇ ಕಮ್ಮಿ. ಆದ್ರೆ ಲ್ಯಾಟರೈಟ್ ಒಳಗೂ ತೂತುಗಳಿರತ್ತೆ, ಮಳೆ ಮರುದಿನ ಅಬ್ಬಿ ಕೆಂಪಾದ್ರೆ ಮೇಲೆ ಸೇಡಂನವರಿಗೆ ಹೇಳಿದ ಎಚ್ಚರ ನಿಮಗೂ ಅನ್ವಯ. ನಿಮ್ಮ ಜಿಲ್ಲೇಲಿ ಸುಣ್ಣಕಲ್ಲು ನೋಡ್ಬೇಕಂದ್ರೆ ಯಾಣ ಇದೆಯಲ್ಲ, ಆ ಕಪ್ಪು ಬಂಡೆಗಳು ಸುಣ್ಣಕಲ್ಲೇ. ದೇಶದಲ್ಲಿ ದೊಡ್ಡ ಪ್ರಮಾಣದ ಕಾರ್ಸ್ಟ್ ಅಂದ್ರೆ ಮೇಘಾಲಯದ ಗುಹೆಗಳ ಸೀಮೆ ಮತ್ತೆ ಕಾಶ್ಮೀರದ ಅನಂತನಾಗ್ ಸುತ್ತ. 2022ರ ಫೆಬ್ರವರಿಯಲ್ಲಿ ಅಲ್ಲಿ ಕೋಕರ್‌ನಾಗ್ ಹತ್ತಿರ ಬ್ರಿಂಗಿ ಹೊಳೆ ಪಾತ್ರದಲ್ಲೇ ಕುಳಿ ಬಿದ್ದು ನೀರು ಒಳಗೆ ಇಳಿದುಹೋಯ್ತು, ಕೆಳಗೆ ಹೊಳೆ ಒಣಗಿತು. ಕಾರ್ಸ್ಟ್‌ನಲ್ಲಿ ಮೇಲಿನ ಹೊಳೆ, ಕೆಳಗಿನ ಬುಗ್ಗೆ ಬೇರೆ ಬೇರೆ ಅಲ್ಲ ಅನ್ನೋದಕ್ಕೆ ಇಂಥ ಘಟನೆಗಳನ್ನ ನೋಡಿದ್ರೆ ಸಾಕು.

ಪ್ರಶ್ನೆ: ಇಷ್ಟೆಲ್ಲಾ ತೊಂದ್ರೆ ಇರೋ ನೀರನ್ನ ದೊಡ್ಡ ಊರುಗಳು ಕುಡಿಯೋಕೆ ಬಳಸೋದುಂಟಾ? (ಮೈಸೂರಿನ ಶಾಲಾ ಶಿಕ್ಷಕಿಯೊಬ್ಬರು)

ಉತ್ತರ: ಉಂಟು ಮೇಡಂ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಗೆ ನೀರು ಬರೋದೇ ಆಲ್ಪ್ಸ್ ಬೆಟ್ಟದ ಕಾರ್ಸ್ಟ್ ಬುಗ್ಗೆಗಳಿಂದ. ಮೊದಲ ಕೊಳವೆ ಮಾರ್ಗ 1873ರಲ್ಲಿ, ಎರಡನೇದು 1910ರಲ್ಲಿ ಶುರುವಾಯ್ತು, ಇವತ್ತಿಗೂ ನಡೀತಿದೆ. ಅವರು ಮಾಡೋದು ಎರಡು ಕೆಲಸ. ಬುಗ್ಗೆಗಳ ಮೇಲಿನ ಬೆಟ್ಟವನ್ನ ಕಾಡಾಗಿ ಕಾಪಾಡ್ಕೊಂಡಿದಾರೆ. ಮತ್ತೆ ಬುಗ್ಗೆ ಬಾಯಲ್ಲೇ ಉಪಕರಣ ಇಟ್ಟು ಕೆಸರು ಎಷ್ಟಿದೆ, ಎಲೆ-ಮಣ್ಣಿನ ಸಾವಯವ ಪದಾರ್ಥ ಅತಿನೇರಳೆ ಬೆಳಕನ್ನ ಎಷ್ಟು ಹೀರ್ಕೊಳ್ತಿದೆ ಅಂತ ಹಗಲು ರಾತ್ರಿ ಅಳೀತಾರೆ, ಮಳೇಲಿ ಅಂಕಿ ಏರಿದ ಬುಗ್ಗೆಯ ನೀರನ್ನ ಊರಿಗೆ ಬಿಡದೇ ಹೊರಗೆ ಹರಿಯೋಕೆ ಬಿಡ್ತಾರೆ. ನಮ್ಮಲ್ಲಿ ಬುಗ್ಗೆ ನೀರನ್ನ ಪೈಪಿಗೆ ಕೂಡಿಸೋ ಯೋಜನೆಗಳಲ್ಲಿ ಈ ಹೊರಗೆ ಬಿಡೋ ವಾಲ್ವ್ ಒಂದನ್ನಾದ್ರೂ ಕಡ್ಡಾಯ ಮಾಡಬೇಕು ಅನ್ನೋದು ನನ್ನ ಕಳಕಳಿ.

ಪ್ರಶ್ನೆ: ನಮ್ಮ ಮಕ್ಕಳ ವಿಜ್ಞಾನ ಪ್ರಾಜೆಕ್ಟಿಗೆ ಇದನ್ನ ಕಮ್ಮಿ ಖರ್ಚಲ್ಲಿ ಅಳೀಬಹುದಾ? (ಅದೇ ಶಿಕ್ಷಕಿ)

ಉತ್ತರ: ಖಂಡಿತ. ಆನ್‌ಲೈನಲ್ಲಿ ಸಿಗೋ ಚಿಕ್ಕ ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಲವಣ) ಮೀಟರ್ ನಿಜಕ್ಕೂ ಅಳೆಯೋದು ಕಂಡಕ್ಟಿವಿಟಿನೇ, ಅದನ್ನ ಒಂದು ಅಂಕಿಯಿಂದ ಗುಣಿಸಿ ಟಿಡಿಎಸ್ ಅಂತ ತೋರ್ಸತ್ತೆ, ಹಾಗಾಗಿ ಏರಿಳಿತ ನೋಡೋಕೆ ಸಾಕು. ಜೊತೆಗೆ ಒಂದು ಥರ್ಮಾಮೀಟರ್, ಒಂದು ಮಳೆ ಮಾಪಕ, ಕೆಸರು ನೋಡೋಕೆ ಒಂದೇ ಅಳತೆಯ ಗಾಜಿನ ಬಾಟಲಿಗಳು, ಅವುಗಳ ಹಿಂದೆ ಇಡೋಕೆ ಅಕ್ಷರ ಬರೆದ ಬಿಳಿ ಕಾಗದ. ಮಳೆಗೆ ಮುಂಚಿನ ಅಳತೆ ಕನಿಷ್ಠ ಒಂದು ವಾರದ್ದು ಬೇಕೇ ಬೇಕು, ಅದಿಲ್ಲದಿದ್ರೆ ಆಮೇಲಿನ ಅಂಕಿಗಳಿಗೆ ಬೆಲೆ ಇಲ್ಲ. ಮಳೆ ಶುರುವಾದ ಮೇಲೆ ಮೊದಲ ದಿನ ಹಗಲಲ್ಲಿ ಒಂದೊಂದು ಗಂಟೆಗೆ, ಎರಡನೇ ದಿನ ಮೂರು ಗಂಟೆಗೊಮ್ಮೆ, ಆಮೇಲೆ ಹತ್ತು ದಿನ ಬೆಳಿಗ್ಗೆ ಸಂಜೆ. ಹೆಚ್ಚಿನವರು ನೀರು ತಿಳಿಯಾದ ಕೂಡ್ಲೇ ನಿಲ್ಲಿಸಿಬಿಡ್ತಾರೆ, ನೀವು ನಿಲ್ಲಿಸ್ಬೇಡಿ. ಮೀಟರಿನ ತುದಿಯನ್ನ ಪ್ರತಿ ಸಲ ಅದೇ ನೀರಲ್ಲಿ ತೊಳೆದು ಅಳೀಲಿ, ಗಡಿಯಾರದ ಹೊತ್ತು ಬರೀಲಿ, ಮತ್ತೆ ಹಳ್ಳ ತುಂಬಿರುವಾಗ ಮಕ್ಕಳು ದಡದ ಹತ್ರ ಹೋಗೋದು ಬೇಡ, ದೊಡ್ಡವರು ಹಗ್ಗ ಕಟ್ಟಿದ ಬಕೆಟ್‌ನಲ್ಲಿ ನೀರು ಎತ್ತಿ ಕೊಡಲಿ.